ಒಂದೇ ಅಚ್ಚು, ಹಲವು ಭಾಷೆ: ಶಾನುಭೋಗರ ಕಡತದಿಂದ ಗಣಕದವರೆಗೆ

ಗುಬ್ಬಿ ತಾಲ್ಲೂಕಿನ ರೈತ ಬೆಳೆಸಾಲಕ್ಕೆಂದು ಬ್ಯಾಂಕಿನ ಮೆಟ್ಟಿಲು ಹತ್ತಿದರೆ ಎದುರಾಗುವ ಮೊದಲ ಪ್ರಶ್ನೆ: ‘ಪಹಣಿ ತಂದಿದ್ದೀರಾ?’ ಕುಣಿಗಲ್ ಕಡೆ ಮಗಳ ಮದುವೆಗೆಂದು ಹತ್ತು ಗುಂಟೆ ಮಾರಲು ಹೊರಟವರಿಗೂ ಅದೇ ಪ್ರಶ್ನೆ. ತುಮಕೂರಿನ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ನಡೆಯುವ ದಾಯಾದಿ ವ್ಯಾಜ್ಯದಲ್ಲೂ ವಕೀಲರು ಮೊದಲು ಬಿಡಿಸಿ ನೋಡುವುದು ಅದೇ ಹಾಳೆಯನ್ನು. ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ, ಕಂದಾಯ, ಖಾತೆದಾರರ ಹೆಸರು, ಋಣಭಾರ, ಬೆಳೆ: ಒಂದು ಕುಟುಂಬದ ಬದುಕೇ ಈ ಕಾಲಂಗಳ ನಡುವೆ ಅಡಗಿದೆ.

ಇಂದು ಈ ಹಾಳೆಯ ವಿವರಗಳನ್ನು ನೋಡಿಕೊಳ್ಳುವುದು ಒಂದು ತಂತ್ರಾಂಶವಲ್ಲ, ಹಲವು. ಕಂದಾಯ ಇಲಾಖೆಯದು ಒಂದು, ನೋಂದಣಿ ಇಲಾಖೆಯದು ಇನ್ನೊಂದು, ಭೂಮಾಪನ ಇಲಾಖೆಯದು ಮತ್ತೊಂದು. ಬ್ಯಾಂಕು, ಕೃಷಿ ಇಲಾಖೆಗಳದು ಬೇರೆಯೇ. ಜಮೀನು ಒಂದೇ, ರೈತನೂ ಒಬ್ಬನೇ. ಆದರೆ ‘ಜಮೀನು ಎಂದರೇನು, ಅದರ ಒಡೆಯ ಎಂದರೆ ಯಾರು’ ಎಂಬುದನ್ನು ಪ್ರತಿ ತಂತ್ರಾಂಶಕ್ಕೂ ಹೊಸದಾಗಿ, ಆಯಾ ಗಣಕ ಭಾಷೆಯಲ್ಲಿ ಬರೆಯಬೇಕಾಗುತ್ತದೆ. ಒಂದೊಂದು ಸಲ ಬರೆಯುವಾಗಲೂ ಒಂದೊಂದು ತಪ್ಪು ನುಸುಳಬಹುದು.

ವಿಷಯವನ್ನು ಒಮ್ಮೆ ಮಾತ್ರ ಸರಿಯಾಗಿ ಬರೆದಿಟ್ಟು, ಅದರಿಂದ ಬೇಕಾದ ಭಾಷೆಯಲ್ಲಿ ಬೇಕಾದ ತಂತ್ರಾಂಶವನ್ನು ಯಂತ್ರವೇ ತಯಾರಿಸಿಕೊಳ್ಳುವಂತೆ ಮಾಡಲು ಸಾಧ್ಯವಿಲ್ಲವೇ? ಗಣಕ ವಿಜ್ಞಾನಿಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಕೇಳುತ್ತ ಬಂದಿರುವ ಪ್ರಶ್ನೆ ಇದು. ಆದರೆ ಅದರ ಬೇರು ಗಣಕಕ್ಕಿಂತ ಹಳೆಯದು. ನಮ್ಮ ಹಳ್ಳಿಗಳ ಲೆಕ್ಕಪತ್ರದಲ್ಲೇ ಅದನ್ನು ಕಾಣಬಹುದು.

ಶಾನುಭೋಗರ ಕಡತ

ಕಚೇರಿಗಳಲ್ಲಿ ಇಂದು ಫೈಲನ್ನು ‘ಕಡತ’ ಎನ್ನುತ್ತಾರೆ. ಮೂಲದಲ್ಲಿ ಕಡತವೆಂದರೆ ಬಟ್ಟೆಯ ಪುಸ್ತಕ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಮಾಡಿದ ಕಪ್ಪು ಪುಸ್ತಕ. ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯುವುದೂ ಸುಲಭವಾಗಿತ್ತು.

ಈ ಲೆಕ್ಕ ಶಾನುಭೋಗರ ಕೈಯಲ್ಲಿತ್ತು. ಶಾನುಭೋಗಿಕೆ ವಂಶಪಾರಂಪರ್ಯವಾಗಿ ಬರುತ್ತಿದ್ದ ಹುದ್ದೆ. ತಂದೆಯಿಂದ ಮಗನಿಗೆ ಲೆಕ್ಕದ ಜತೆಗೆ ಅದನ್ನು ಬರೆಯುವ ಮೋಡಿ ಅಕ್ಷರವೂ, ಓದುವ ಗುಟ್ಟೂ ಬರುತ್ತಿದ್ದವು. ಬೇರೆಯವರು ಆ ಕೈಬರಹ ಓದಲು ತಡಕಾಡಬೇಕಾಗಿತ್ತು. ಯಾವ ಹೊಲದ ಗಡಿ ಯಾವ ಹುಣಸೆಮರದ ಬುಡಕ್ಕೆ ಮುಗಿಯುತ್ತದೆ, ಯಾರ ಗೇಣಿ ಯಾರಿಗೆ ಸಲ್ಲಬೇಕು ಎಂಬುದು ಅರ್ಧ ಕಡತದಲ್ಲಿ, ಉಳಿದರ್ಧ ಶಾನುಭೋಗರ ತಲೆಯಲ್ಲಿ. ಅವರು ಒಳ್ಳೆಯವರಾಗಿದ್ದರೆ ಊರಿಗೆ ನೆಮ್ಮದಿ, ಇಲ್ಲದಿದ್ದರೆ ಬಡವನ ಹೊಲ ಒಂದೇ ರಾತ್ರಿಯಲ್ಲಿ ಬೇರೆಯವರ ಹೆಸರಿಗೆ ಹೋಗಲೂಬಹುದಿತ್ತು.

ಇಂದಿನ ಗಣಕ ಪರಿಣತರು ಇದೇ ಸ್ಥಿತಿಯನ್ನು ಬೇರೆ ಮಾತಿನಲ್ಲಿ ವರ್ಣಿಸುತ್ತಾರೆ. ಸಂಸ್ಥೆಯ ವ್ಯವಹಾರ ಹೇಗೆ ನಡೆಯುತ್ತದೆಂಬ ತಿಳಿವಳಿಕೆಯೆಲ್ಲ ಯಾರೋ ಒಬ್ಬರು ಬರೆದ ಕ್ರಮವಿಧಿಯ ಸಾವಿರಾರು ಸಾಲುಗಳ ಒಳಗೆ ಹೂತುಹೋಗಿರುತ್ತದೆ. ಬರೆದವರು ಕೆಲಸ ಬಿಟ್ಟು ಹೋದರೆ ಓದುವವರಿಲ್ಲ. ಕಡತದ ಬದಲು ಕಂಪ್ಯೂಟರ್ ಬಂದಿರುತ್ತದೆ, ಶಾನುಭೋಗಿಕೆ ಮಾತ್ರ ಹಾಗೆಯೇ ಉಳಿದಿರುತ್ತದೆ.

ನಮೂನೆಯ ಆಗಮನ

ಮೈಸೂರು ಸೀಮೆಯಲ್ಲಿ ಈ ಗುಟ್ಟನ್ನು ಒಡೆಯುವ ಕೆಲಸ 1860ರ ದಶಕದಲ್ಲಿ, ಬ್ರಿಟಿಷ್ ಕಮಿಷನರರ ಆಡಳಿತವಿದ್ದಾಗ, ಆರಂಭವಾಯಿತು. ಮುಂಬೈ ಪ್ರಾಂತದಲ್ಲಿ ರೂಪುಗೊಂಡಿದ್ದ ಸರ್ವೆ ಪದ್ಧತಿಯನ್ನು ಇಲ್ಲಿಗೂ ತರಲಾಯಿತು. ಸರಪಳಿ ಹಿಡಿದು ಹೊಲಗಳನ್ನು ಅಳೆದರು, ಗಡಿಗೆ ಕಲ್ಲು ನೆಟ್ಟರು, ಪ್ರತಿ ತುಂಡಿಗೂ ಒಂದು ನಂಬರ್ ಕೊಟ್ಟರು. ‘ಹುಣಸೆಮರದ ಹೊಲ’ ಸರ್ವೆ ನಂಬರ್ ಆಯಿತು. ಭೂಮಿಯನ್ನು ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡಿಸಿದರು. ಮಳೆ ನಂಬಿದ ರಾಗಿ ಹೊಲ ಖುಷ್ಕಿ. ಕುಣಿಗಲ್ ಕೆರೆಯ ಕೆಳಗಿನ ಭತ್ತದ ಗದ್ದೆ ತರಿ. ಗುಬ್ಬಿ ಸೀಮೆಯ ತೆಂಗು, ಅಡಿಕೆ ತೋಟ ಬಾಗಾಯ್ತು.

ಇದರಿಂದ ಎಲ್ಲ ಊರುಗಳ ಎಲ್ಲ ಹೊಲಗಳನ್ನೂ ಒಂದೇ ಚೌಕಟ್ಟಿನಲ್ಲಿ ವಿವರಿಸುವುದು ಸಾಧ್ಯವಾಯಿತು. ಯಾರು ಬರೆದರೂ, ಯಾವ ಊರಿಗೆ ಬರೆದರೂ ಕಾಲಂಗಳು ಅವೇ. ಗಣಕದ ಪರಿಭಾಷೆಯಲ್ಲಿ ‘ಡೊಮೇನ್ ಮಾಡೆಲ್’ ಎನ್ನುವುದು ಇದನ್ನೇ. ಒಂದು ವ್ಯವಹಾರದಲ್ಲಿ ಯಾವ ಯಾವ ವಸ್ತುಗಳಿವೆ, ಅವುಗಳ ಲಕ್ಷಣಗಳೇನು, ಒಂದಕ್ಕೊಂದು ಸಂಬಂಧವೇನು, ಪಾಲಿಸಬೇಕಾದ ನಿಯಮಗಳೇನು ಎಂಬುದರ ಸ್ಪಷ್ಟ ವಿವರಣೆ. ಕನ್ನಡದಲ್ಲಿ ಇದನ್ನು ವಿಷಯ ಮಾದರಿ ಎನ್ನಬಹುದು.

ಸ್ವಾತಂತ್ರ್ಯಾನಂತರ ಈ ಮಾದರಿಗೆ ಕಾನೂನಿನ ಬಲ ಬಂತು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೊಂಡು, ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳು ಕೊನೆಗೊಂಡವು. ಸರ್ಕಾರ ನೇಮಿಸಿದ ಗ್ರಾಮ ಲೆಕ್ಕಿಗರು ಬಂದರು. 1964ರ ಭೂಕಂದಾಯ ಕಾಯ್ದೆ ಮತ್ತು 1966ರ ನಿಯಮಗಳು ಹಕ್ಕು, ಗೇಣಿ ಮತ್ತು ಬೆಳೆಗಳ ದಾಖಲೆಗೆ ನಮೂನೆ 16ನ್ನು ಗೊತ್ತುಪಡಿಸಿದವು. ಆರ್‌ಟಿಸಿ ಎಂದೂ ಪಹಣಿ ಎಂದೂ ನಾವು ಕರೆಯುವುದು ಇದನ್ನೇ.

ಒಂದು ಕಾಲಂನ ಬೆಲೆ ಎಷ್ಟೆಂಬುದು ನಾಡಿಗೆ ಗೊತ್ತಾದದ್ದು 1974ರಲ್ಲಿ. ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ ಆ ವರ್ಷದ ಮಾರ್ಚ್ 1ರಂದು ಜಾರಿಗೆ ಬಂದಾಗ, ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿ, ಉಳುವವನು ನಮೂನೆ 7ರಲ್ಲಿ ಅರ್ಜಿ ಹಾಕಿ ಒಡೆತನ ಕೇಳಬಹುದಾಯಿತು. ಭೂನ್ಯಾಯ ಮಂಡಳಿಯ ಮುಂದೆ ಆತನಿಗೆ ಇದ್ದ ದೊಡ್ಡ ಆಸರೆ ಪಹಣಿಯ ಸಾಗುವಳಿದಾರರ ಕಾಲಂ. ಅಲ್ಲಿ ಹೆಸರಿದ್ದವನ ದಾರಿ ಸುಗಮವಾಯಿತು. ತಲೆಮಾರುಗಳಿಂದ ಉತ್ತಿದ್ದರೂ ಹೆಸರು ಬರೆಸಿಕೊಳ್ಳಲಾಗದವನು ಸಾಕ್ಷಿಗಳಿಗಾಗಿ ಮನೆಮನೆ ಅಲೆಯಬೇಕಾಯಿತು. ಮಾದರಿಯಲ್ಲಿ ಜಾಗವಿದ್ದರಷ್ಟೇ ಸಾಲದು, ಅದು ಸತ್ಯದಿಂದ ತುಂಬಿರಬೇಕು ಎಂಬ ಪಾಠ ಅಂದೇ ಸಿಕ್ಕಿತ್ತು.

ಗಣಕಕ್ಕೆ ಏರಿದ ಪಹಣಿ

ಕರ್ನಾಟಕದಲ್ಲಿ ಭೂದಾಖಲೆಗಳನ್ನು ಗಣಕೀಕರಿಸುವ ಮೊದಲ ಪ್ರಯತ್ನ ಕೇಂದ್ರದ ನೆರವಿನಿಂದ 1991ರಲ್ಲಿ ನಡೆಯಿತು. 1996ರ ವೇಳೆಗೆ ಎಲ್ಲ ಜಿಲ್ಲೆಗಳಿಗೂ ಯೋಜನೆ ಮಂಜೂರಾಗಿತ್ತು. ಆದರೆ ದಾಖಲೆಗಳು ದಿನನಿತ್ಯ ಬದಲಾಗುವುದು ತಾಲ್ಲೂಕು ಕಚೇರಿಯಲ್ಲಿ. ಅಲ್ಲಿ ಕಂಪ್ಯೂಟರ್ ಇಡಲು ಏರ್ಪಾಡಿರಲಿಲ್ಲ. ಹೀಗಾಗಿ ಕಂಪ್ಯೂಟರಿಗೆ ತುಂಬಿದ ವಿವರ ಹಳಸುತ್ತ ಹೋಯಿತು, ಕೈಬರಹದ ಪುಸ್ತಕವೇ ಮುಂದುವರಿಯಿತು.

ಈ ತಪ್ಪಿನಿಂದ ಪಾಠ ಕಲಿತು ಬಂದದ್ದು ‘ಭೂಮಿ’ ಯೋಜನೆ. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ತಂತ್ರಜ್ಞರು ತಂತ್ರಾಂಶ ಸಿದ್ಧಪಡಿಸಿದರು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಯೋಜನೆಯ ಹೊಣೆ ಹೊತ್ತರು. ಸುಮಾರು 67 ಲಕ್ಷ ಭೂಹಿಡುವಳಿದಾರರಿಗೆ ಸೇರಿದ ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರ್ ಸೇರಿದವು. ತಾಲ್ಲೂಕು ಕಚೇರಿಗಳಲ್ಲಿ ಕಿಯೋಸ್ಕ್‌ಗಳು ತೆರೆದವು. 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರುವಂತಾಯಿತು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ವ್ಯವಸ್ಥೆಯೊಳಗೆ ಪ್ರವೇಶಿಸಬೇಕಾಗಿದ್ದುದರಿಂದ ಯಾರು, ಯಾವಾಗ ತಿದ್ದಿದರೆಂಬುದು ದಾಖಲಾಗತೊಡಗಿತು. ಕಿಯೋಸ್ಕ್ ಆರಂಭವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಘೋಷಿಸಲಾಯಿತು. ಈ ಒಂದು ದಿಟ್ಟ ಕ್ರಮ ಇಲ್ಲದಿದ್ದರೆ ‘ಭೂಮಿ’ಯೂ ಹಿಂದಿನ ಪ್ರಯತ್ನದ ದಾರಿಯನ್ನೇ ಹಿಡಿಯುತ್ತಿತ್ತೇನೋ.

ಮುಂದೆ ಆಸ್ತಿ ನೋಂದಣಿಗೆ ‘ಕಾವೇರಿ’ ಬಂತು. ಅಳತೆ, ಪೋಡಿ, ನಕ್ಷೆಗೆ ‘ಮೋಜಿಣಿ’ ಬಂತು. ಮೂರೂ ಬೇರೆ ಬೇರೆ ಇಲಾಖೆಯವು, ಬೇರೆ ಬೇರೆ ಕಾಲದವು. ಜಮೀನು ಮಾರಾಟವಾದರೆ ಕಾವೇರಿಯಲ್ಲಿ ನೋಂದಣಿ, ಭೂಮಿಯಲ್ಲಿ ಖಾತೆ ಬದಲಾವಣೆ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರುವುದಾದರೆ ಅದಕ್ಕೂ ಮೊದಲು ಮೋಜಿಣಿಯಿಂದ 11ಇ ನಕ್ಷೆ. ಈ ಮೂರರ ನಡುವೆ ಮಾತುಕತೆ ಇಲ್ಲದಿದ್ದರೆ ಒಂದೇ ಜಮೀನನ್ನು ಇಬ್ಬರಿಗೆ ಮಾರುವವರಿಗೆ ಸುಗ್ಗಿ. ಹಾಗಾಗಿಯೇ ಇವುಗಳನ್ನು ಪರಸ್ಪರ ಬೆಸೆಯುವ ಕೆಲಸ ನಂತರದ ವರ್ಷಗಳಲ್ಲಿ ನಡೆಯಿತು. ಮೊದಲೇ ಒಂದು ಅಚ್ಚಿನಿಂದ ಎರಕ ಹೊಯ್ದಿದ್ದರೆ ಬೆಸುಗೆಯ ಶ್ರಮ ಎಷ್ಟೋ ಕಡಿಮೆಯಾಗುತ್ತಿತ್ತು.

ಎರಡೂವರೆ ಎಕರೆಯ ಕಥೆ

ಅಚ್ಚಿಲ್ಲದೆ ಬರೆದರೆ ಏನಾಗುತ್ತದೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ನೋಡಬಹುದು. ಪಹಣಿಯಲ್ಲಿ ವಿಸ್ತೀರ್ಣ 2.20 ಎಂದಿದ್ದರೆ ಹಳ್ಳಿಯ ಯಾರೇ ಆದರೂ ಎರಡು ಎಕರೆ ಇಪ್ಪತ್ತು ಗುಂಟೆ ಎಂದು ಓದುತ್ತಾರೆ. 40 ಗುಂಟೆಗೆ ಒಂದು ಎಕರೆ, ಆದ್ದರಿಂದ ಅದು ಎರಡೂವರೆ ಎಕರೆ. ಆದರೆ ಹೊಲದ ಕಡೆ ತಲೆಹಾಕದ ಕ್ರಮವಿಧಿಕಾರ ಅದನ್ನು ದಶಮಾಂಶ ಎಂದುಕೊಂಡರೆ, ಎರಡು ಎಕರೆಯ ಮೇಲೆ ಐದನೇ ಒಂದು ಭಾಗ ಮಾತ್ರ.

ರೈತನೊಬ್ಬನಿಗೆ 2.20 ಒಂದು ಕಡೆ, 1.30 ಇನ್ನೊಂದು ಕಡೆ ಇದೆ ಎನ್ನಿ. ದಶಮಾಂಶದಲ್ಲಿ ಕೂಡಿದರೆ 3.50. ಸರಿಯಾದ ಲೆಕ್ಕದಲ್ಲಿ 50 ಗುಂಟೆಯೆಂದರೆ ಒಂದು ಎಕರೆ ಹತ್ತು ಗುಂಟೆ. ಆದ್ದರಿಂದ ಒಟ್ಟು 4 ಎಕರೆ 10 ಗುಂಟೆ. ಮೂರೂವರೆ ಎಕರೆ ಎಂದು ಲೆಕ್ಕ ಹಾಕಿದ ತಂತ್ರಾಂಶ ರೈತನ ಮೂವತ್ತು ಗುಂಟೆಯನ್ನು ನುಂಗಿದಂತಾಯಿತು. ಬೆಳೆ ಪರಿಹಾರವೋ ಸಾಲವೋ ಎಕರೆಗೆ ಇಷ್ಟೆಂದು ಲೆಕ್ಕವಾಗುವಾಗ ಇದು ನೇರವಾಗಿ ಜೇಬಿಗೆ ಬೀಳುವ ಪೆಟ್ಟು.

ಐದು ತಂತ್ರಾಂಶಗಳಿದ್ದರೆ ಈ ನಿಯಮವನ್ನು ಐದು ಕಡೆ ಬರೆಯಬೇಕು. ನಾಲ್ಕು ಕಡೆ ಸರಿಯಾಗಿ ಬರೆದು ಐದನೆಯದರಲ್ಲಿ ಮರೆತರೂ ತಪ್ಪು ತಪ್ಪೇ. ಬದಲಿಗೆ ‘ವಿಸ್ತೀರ್ಣ ಎಂದರೆ ಎಕರೆ ಮತ್ತು ಗುಂಟೆ, 40 ಗುಂಟೆಗೆ ಒಂದು ಎಕರೆ’ ಎಂದು ಮಾದರಿಯಲ್ಲಿ ಒಮ್ಮೆ ಬರೆದಿಟ್ಟು, ಐದಕ್ಕೂ ಅಲ್ಲಿಂದಲೇ ಕೊಟ್ಟರೆ? ಈ ಸರಳ ವಿಚಾರದ ಹಿಂದೆ ದೊಡ್ಡ ಇತಿಹಾಸವೇ ಇದೆ.

ಯಂತ್ರವೇ ಬರೆಯುವ ಕ್ರಮವಿಧಿ

ಮೊದಲ ಗಣಕಗಳಿಗೆ ಎಲ್ಲವನ್ನೂ ಅಂಕಿಗಳಲ್ಲೇ ಹೇಳಬೇಕಿತ್ತು. ಅಮೆರಿಕದ ನೌಕಾಪಡೆಯ ಅಧಿಕಾರಿ, ಗಣಿತಜ್ಞೆ ಗ್ರೇಸ್ ಹಾಪರ್ 1952ರಲ್ಲಿ ಎ-0 ಎಂಬ ವ್ಯವಸ್ಥೆ ರೂಪಿಸಿ, ಗಣಕವೇ ಕ್ರಮವಿಧಿಯ ತುಣುಕುಗಳನ್ನು ಜೋಡಿಸುವಂತೆ ಮಾಡಿದರು. ಆಮೇಲೆ ಇಂಗ್ಲಿಷ್ ಪದಗಳಲ್ಲಿ ಆಜ್ಞೆ ಬರೆಯುವ ಭಾಷೆಯೊಂದನ್ನು ಕಟ್ಟಿದರು. ಹಾಪರ್ ನೆನಪಿಸಿಕೊಂಡಂತೆ, ಅದೇ ಕ್ರಮವಿಧಿಯನ್ನು ಅವರು ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲೂ ಬರೆದು ತೋರಿಸಿದಾಗ ಆಡಳಿತ ವರ್ಗದವರು ಗಾಬರಿಯಾದರಂತೆ. ಅಮೆರಿಕದ ಯಂತ್ರಕ್ಕೆ ಫ್ರೆಂಚ್ ಹೇಗೆ ತಿಳಿದೀತು ಎಂಬುದು ಅವರ ಪ್ರಶ್ನೆ! ಯಂತ್ರಕ್ಕೆ ಯಾವ ಭಾಷೆಯೂ ತಿಳಿಯದು. ಪದ ಹೊರಗಿನ ಉಡುಪು, ಒಳಗಿನ ಅರ್ಥ ಒಂದೇ. ಹಾಪರ್ ಹೇಳಹೊರಟಿದ್ದು ಇದನ್ನೇ.

1957ರಲ್ಲಿ ಫೋರ್ಟ್ರಾನ್ ಬಂತು. 1959ರಲ್ಲಿ ಕೋಬಾಲ್‌ನ ಕೆಲಸ ಆರಂಭವಾಯಿತು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್, ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಟ್ಟು ಅವುಗಳ ಸಂಬಂಧಗಳ ಮೂಲಕ ಹುಡುಕುವ ಸಿದ್ಧಾಂತ ಮಂಡಿಸಿದರು. 1976ರಲ್ಲಿ ಪೀಟರ್ ಚೆನ್, ವಸ್ತುಗಳನ್ನೂ ಅವುಗಳ ಸಂಬಂಧಗಳನ್ನೂ ಚಿತ್ರವಾಗಿ ಬರೆಯುವ ವಿಧಾನ ತೋರಿಸಿದರು. ಚೌಕದಲ್ಲಿ ‘ರೈತ’, ಇನ್ನೊಂದು ಚೌಕದಲ್ಲಿ ‘ಜಮೀನು’, ನಡುವೆ ‘ಹಕ್ಕು’ ಎಂಬ ಗೆರೆ. ಕ್ರಮವಿಧಿ ಬರೆಯುವ ಮೊದಲೇ ವಿಷಯವನ್ನು ಗ್ರಹಿಸಲು ಇದರಿಂದ ದಾರಿಯಾಯಿತು.

ಚಿತ್ರ ಬರೆದ ಮೇಲೆ ಅದರಿಂದಲೇ ಕ್ರಮವಿಧಿ ಹುಟ್ಟಬಾರದೇಕೆ? 1980ರ ದಶಕದಲ್ಲಿ ಇಂಥ ಭರವಸೆ ಕೊಡುವ ಉಪಕರಣಗಳು ಸಾಲುಗಟ್ಟಿ ಬಂದವು. ಕ್ರಮವಿಧಿಕಾರರೇ ಬೇಡವಾಗುತ್ತಾರೆ ಎಂಬ ಮಾತೂ ಕೇಳಿಬಂತು. ಹಾಗೇನೂ ಆಗಲಿಲ್ಲ. ಉಪಕರಣಗಳು ದುಬಾರಿಯಾಗಿದ್ದವು, ಒಂದರ ಚಿತ್ರ ಇನ್ನೊಂದಕ್ಕೆ ಅರ್ಥವಾಗುತ್ತಿರಲಿಲ್ಲ. 1997ರಲ್ಲಿ ಯುಎಂಎಲ್ ಎಂಬ ಸಾಮಾನ್ಯ ಚಿತ್ರಭಾಷೆಗೆ ಮಾನ್ಯತೆ ಸಿಕ್ಕಿತು. 2001ರಲ್ಲಿ ಅದೇ ಮಾನಕ ಸಂಸ್ಥೆ, ಯಂತ್ರ ಮತ್ತು ಭಾಷೆಯ ಹಂಗಿಲ್ಲದ ಮಾದರಿಯಿಂದ ಬೇಕಾದ ತಂತ್ರಾಂಶ ಪಡೆಯುವ ಮಾರ್ಗವನ್ನು ಪ್ರಕಟಿಸಿತು.

ಅಷ್ಟರಲ್ಲಿ ಅಂತರ್ಜಾಲ ಬಂದಿತ್ತು. ಜಾವಾ, ಜಾವಾಸ್ಕ್ರಿಪ್ಟ್, ಪಿಎಚ್‌ಪಿ, ರೂಬಿ ಈ ನಾಲ್ಕೂ ಭಾಷೆಗಳು ಲೋಕದ ಮುಂದೆ ಬಂದದ್ದು 1995ರ ಒಂದೇ ವರ್ಷದಲ್ಲಿ. ಪೈಥಾನ್ ಅದಕ್ಕೂ ನಾಲ್ಕು ವರ್ಷ ಹಿರಿಯದು. ಒಂದು ಕಚೇರಿಯಲ್ಲಿ ಜಾವಾ, ಪಕ್ಕದ ಕಚೇರಿಯಲ್ಲಿ ಪಿಎಚ್‌ಪಿ ಎನ್ನುವಂತಾಯಿತು. ಮಾದರಿ ಒಂದೇ ಇದ್ದು ಭಾಷೆಗಳು ಹಲವಾಗಬೇಕಾದ ಅಗತ್ಯ ಈಗ ನಿಜವಾಗಿ ತಟ್ಟಿತು.

ಅಚ್ಚು ಕೆಲಸ ಮಾಡುವ ಬಗೆ

ಹಳ್ಳಿಯಲ್ಲಿ ಜನರೇಟರ್ ಎಂದರೆ ಕರೆಂಟು ಹೋದಾಗ ಓಡುವ ಯಂತ್ರ. ಗಣಕದ ಜಗತ್ತಿನಲ್ಲೂ ಜನರೇಟರ್ ಇದೆ, ಅದು ಉತ್ಪಾದಿಸುವುದು ಕ್ರಮವಿಧಿಯನ್ನು. ಅದಕ್ಕೆ ಎರಡು ಸಾಮಗ್ರಿ ಬೇಕು. ಒಂದು, ವಿಷಯ ಮಾದರಿ. ಇನ್ನೊಂದು, ಪ್ರತಿ ಭಾಷೆಗೂ ಒಂದೊಂದು ಪಡಿಯಚ್ಚು.

ಪಹಣಿಯನ್ನೇ ತೆಗೆದುಕೊಂಡರೆ ಮಾದರಿಯಲ್ಲಿ ಮೂರು ಮುಖ್ಯ ವಸ್ತುಗಳು: ಜಮೀನು, ವ್ಯಕ್ತಿ, ಹಕ್ಕು. ಒಂದು ಜಮೀನಿಗೆ ಹಲವು ಒಡೆಯರಿರಬಹುದು. ಒಬ್ಬ ಒಡೆಯನಿಗೆ ಹಲವು ಜಮೀನುಗಳಿರಬಹುದು. ಅದಕ್ಕಾಗಿಯೇ ಹಕ್ಕು ಎಂಬುದು ನಡುವೆ ನಿಲ್ಲುವ ಬೇರೊಂದು ವಸ್ತು. ಯಾರಿಗೆ, ಯಾವುದರಲ್ಲಿ, ಎಷ್ಟು, ಹೇಗೆ ಬಂತು (ಕ್ರಯವೋ, ವಿಭಾಗವೋ, ದಾನವೋ, ಪೌತಿಯೋ) ಎಂಬುದೆಲ್ಲ ಅದರ ಲಕ್ಷಣ. ಇದರ ಜತೆಗೆ ನಿಯಮಗಳು. ಎರಡು ಎಕರೆ ಇಪ್ಪತ್ತು ಗುಂಟೆ ಮೂವರು ಅಣ್ಣತಮ್ಮಂದಿರಿಗೆ ಹಂಚಿಕೆಯಾದರೆ 33, 33, 34 ಗುಂಟೆ ಸೇರಿ 100 ಗುಂಟೆಯೇ ಆಗಬೇಕು, 101 ಆಗಕೂಡದು. ಖಾತೆ ಬದಲಾವಣೆಯ ನೋಟಿಸಿನ ಅವಧಿ ಮುಗಿಯುವ ಮುನ್ನ ಮಂಜೂರಾತಿ ಸಲ್ಲದು.

ಜನರೇಟರ್ ಈ ಮಾದರಿಯನ್ನು ಓದುತ್ತದೆ. ಜಾವಾದ ಪಡಿಯಚ್ಚು ಕೊಟ್ಟರೆ ಜಾವಾದಲ್ಲಿ, ಪೈಥಾನ್‌ನದು ಕೊಟ್ಟರೆ ಪೈಥಾನ್‌ನಲ್ಲಿ ಸಾಲುಗಳನ್ನು ಬರೆದುಹಾಕುತ್ತದೆ. ಮಾಹಿತಿ ಇಡುವ ಕೋಷ್ಟಕ, ವಿವರ ತುಂಬುವ ಪರದೆ, ಹುಡುಕುವ ಪರದೆ, ತಪ್ಪು ತುಂಬಿದಾಗ ತಡೆಯುವ ಪರೀಕ್ಷೆ ಎಲ್ಲವೂ ಅದರಿಂದಲೇ ಬರುತ್ತವೆ. ಅಕ್ಕಿಹಿಟ್ಟೋ ಕಡಲೆಹಿಟ್ಟೋ, ಚಕ್ಕುಲಿ ಒರಳಿನ ಬಿಲ್ಲೆ ಬದಲಿಸಿದರೆ ಆಕಾರ ಬದಲಾಗುವ ಹಾಗೆ.

ಲಾಭ ಹೆಚ್ಚಾಗಿ ಕಾಣುವುದು ನಿಯಮ ಬದಲಾದಾಗ. ‘ಭೂಮಿ’ಯ ಆರಂಭದಲ್ಲಿ ಖಾತೆ ಬದಲಾವಣೆಗೆ ಆಕ್ಷೇಪಣೆ ಸಲ್ಲಿಸಲು 30 ದಿನಗಳ ಅವಕಾಶವಿತ್ತು. ಮುಂದೆ ಸರ್ಕಾರ ಈ ಅವಧಿಯನ್ನು ಇಳಿಸಿತು. ಅಂಕಿ ಕ್ರಮವಿಧಿಯ ನೂರು ಮೂಲೆಗಳಲ್ಲಿ ಚದುರಿದ್ದರೆ ಪ್ರತಿಯೊಂದನ್ನೂ ಹುಡುಕಿ ತಿದ್ದಬೇಕು. ಮಾದರಿಯಲ್ಲಿದ್ದರೆ ಒಂದು ಕಡೆ ತಿದ್ದಿ ಮತ್ತೊಮ್ಮೆ ಜನರೇಟರ್ ಓಡಿಸಿದರೆ ಸಾಕು.

ಆದರೆ ಒಂದು ತೊಡಕೂ ಇದೆ. ಯಂತ್ರ ಬರೆದುಕೊಟ್ಟ ಸಾಲುಗಳನ್ನು ಯಾರಾದರೂ ಕೈಯಿಂದ ತಿದ್ದಿದರೆ, ಮುಂದಿನ ಸಲ ಓಡಿಸಿದಾಗ ಆ ತಿದ್ದುಪಡಿ ಅಳಿಸಿಹೋಗುತ್ತದೆ. ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಯಂತ್ರ ಬರೆದದ್ದನ್ನೂ ಮನುಷ್ಯ ಬರೆದದ್ದನ್ನೂ ಬೇರೆ ಬೇರೆ ಕಡತಗಳಲ್ಲಿ ಇಡುವುದು. ಈ ಶಿಸ್ತು ತಪ್ಪಿದ ಕಡೆಗಳಲ್ಲಿ ತಿಂಗಳೊಪ್ಪತ್ತಿನಲ್ಲೇ ಮಾದರಿ ಒಂದು ದಾರಿ, ತಂತ್ರಾಂಶ ಇನ್ನೊಂದು ದಾರಿ ಹಿಡಿಯುತ್ತದೆ.

ಪುಣೆ ಮತ್ತು ಡಬ್ಲಿನ್

ಭಾರತದಲ್ಲಿ ಈ ದಾರಿಯಲ್ಲಿ ಮುಂಚೆಯೇ ನಡೆದದ್ದು ಪುಣೆಯಲ್ಲಿ 1981ರಲ್ಲಿ ಸ್ಥಾಪನೆಯಾದ ಟಾಟಾ ಸಂಶೋಧನಾ ಕೇಂದ್ರ. ದೊಡ್ಡ ಬ್ಯಾಂಕುಗಳಿಗೆ ತಂತ್ರಾಂಶ ಬರೆಯುತ್ತಿದ್ದ ಟಿಸಿಎಸ್ ಕಂಪನಿಗೆ ಒಂದು ಪೀಕಲಾಟವಿತ್ತು. ಬ್ಯಾಂಕಿನ ವ್ಯವಹಾರ ಎಲ್ಲೆಡೆ ಹೆಚ್ಚುಕಡಿಮೆ ಒಂದೇ, ಆದರೆ ಒಬ್ಬೊಬ್ಬ ಗಿರಾಕಿಯ ಬಳಿ ಒಂದೊಂದು ಬಗೆಯ ಯಂತ್ರ. ಪ್ರತಿ ಸಲ ಹೊಸದಾಗಿ ಬರೆಯುವ ಬದಲು ಮಾದರಿಯಿಂದ ಕ್ರಮವಿಧಿ ಹುಟ್ಟಿಸುವ ಉಪಕರಣಗಳನ್ನು ಇಲ್ಲಿನ ವಿನಯ್ ಕುಲಕರ್ಣಿ, ಶ್ರೀಧರ ರೆಡ್ಡಿ ಮೊದಲಾದ ಸಂಶೋಧಕರು ಅಭಿವೃದ್ಧಿಪಡಿಸಿದರು. ಅದು ‘ಮಾಸ್ಟರ್‌ಕ್ರಾಫ್ಟ್’ ಎಂಬ ಹೆಸರಿನಿಂದ ಪರಿಚಿತವಾಯಿತು.

ಸರ್ಕಾರಿ ಕೆಲಸದ ಉದಾಹರಣೆ ಐರ್ಲೆಂಡಿನದು. ರಿಚರ್ಡ್ ಪಾಸನ್ ಎಂಬ ತಂತ್ರಜ್ಞ, ವಿಷಯ ಮಾದರಿಯನ್ನು ಬರೆದರೆ ಸಾಕು, ಪರದೆಗಳನ್ನು ಯಂತ್ರ ತಾನಾಗಿ ತೋರಿಸಬೇಕು ಎಂದು ವಾದಿಸಿದರು. ಅಲ್ಲಿನ ಸಮಾಜ ಕಲ್ಯಾಣ ಇಲಾಖೆ ಮಕ್ಕಳ ಭತ್ಯೆಯ ವಿತರಣೆಗೆ 2002ರಲ್ಲಿ ಈ ವಿಧಾನದ ತಂತ್ರಾಂಶವನ್ನು ಬಳಕೆಗೆ ತಂದಿತು. ಮೊದಲು ಜಾವಾದಲ್ಲಿ ರೂಪುಗೊಂಡ ಈ ವಿಚಾರ ಮುಂದೆ ಮೈಕ್ರೋಸಾಫ್ಟ್‌ನ ಡಾಟ್ ನೆಟ್ ವ್ಯವಸ್ಥೆಗೂ ಹೋಯಿತು.

2004ರಲ್ಲಿ ಬಂದ ‘ರೂಬಿ ಆನ್ ರೈಲ್ಸ್’ ಒಂದೇ ಸಾಲಿನ ಆಜ್ಞೆಯಿಂದ ಪರದೆಗಳನ್ನು ಹುಟ್ಟಿಸಿ ಯುವ ಕ್ರಮವಿಧಿಕಾರರನ್ನು ಬೆರಗುಗೊಳಿಸಿತು. 2013ರಲ್ಲಿ ಫ್ರಾನ್ಸಿನ ಜೂಲಿಯನ್ ಡುಬಾ ಆರಂಭಿಸಿದ ‘ಜೆಹಿಪ್‌ಸ್ಟರ್’ ಇನ್ನೂ ಮುಂದೆ ಹೋಯಿತು. ವಸ್ತುಗಳನ್ನೂ ಸಂಬಂಧಗಳನ್ನೂ ಪುಟ್ಟ ಕಡತವೊಂದರಲ್ಲಿ ಬರೆದರೆ ಜಾವಾದಲ್ಲಿ ಇಡೀ ಜಾಲ ತಂತ್ರಾಂಶ ಸಿದ್ಧ. ಬೇರೆ ಪಡಿಯಚ್ಚು ಜೋಡಿಸಿದರೆ ಅದೇ ಕಡತದಿಂದ ಡಾಟ್ ನೆಟ್, ನೋಡ್ ಮೊದಲಾದ ವ್ಯವಸ್ಥೆಗಳಿಗೂ ತಂತ್ರಾಂಶ ಬರುತ್ತದೆ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ್ದರಿಂದ, ಹಿಂದೆ ದೊಡ್ಡ ಕಂಪನಿಗಳ ಸ್ವತ್ತಾಗಿದ್ದ ವಿದ್ಯೆ ಇಂದು ತುಮಕೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಯ ಕೈಗೂ ಎಟುಕುವಂತಿದೆ.

ಕಾಲಂ ಇಲ್ಲದವರ ಪಾಡು

ಇಷ್ಟಾದರೂ ಮಾದರಿ ಎಷ್ಟು ಸರಿಯೋ ತಂತ್ರಾಂಶವೂ ಅಷ್ಟೇ ಸರಿ. ಅಚ್ಚು ಸೊಟ್ಟಗಿದ್ದರೆ ಎರಕವೆಲ್ಲ ಸೊಟ್ಟ. ಕೈಬರಹದ ಕಾಲದಲ್ಲಿ ಪುಸ್ತಕದ ಅಂಚಿನಲ್ಲಿ ‘ಈ ಭಾಗ ತಮ್ಮನ ಸ್ವಾಧೀನ’ ಎಂದು ಒಂದು ಟಿಪ್ಪಣಿ ಬರೆಯಬಹುದಿತ್ತು. ಪರದೆಗೆ ಅಂಚಿಲ್ಲ. ಮಾದರಿಯಲ್ಲಿ ಜಾಗವಿಲ್ಲದ ಸಂಗತಿಗೆ ತಂತ್ರಾಂಶದಲ್ಲಿ ಅಸ್ತಿತ್ವವೇ ಇಲ್ಲ.

ನಮ್ಮ ನೆಲದ ವೈವಿಧ್ಯವೂ ಸಣ್ಣದಲ್ಲ. ಗೋಮಾಳ, ಗುಂಡುತೋಪು, ಕೆರೆಯಂಗಳ, ಅಮೃತಮಹಲ್ ಕಾವಲು, ಇನಾಂ ಜಮೀನು, ಬಗರ್‌ಹುಕುಂ ಸಾಗುವಳಿ, ಖರಾಬು ಹೀಗೆ ಪ್ರತಿಯೊಂದಕ್ಕೂ ಬೇರೆ ಕಾನೂನು, ಬೇರೆ ಚರಿತ್ರೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರುವರಿ 6ರಂದು ಎಚ್ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಇಂದು ಆ ಜಾಗದ ಹೆಸರಿನಲ್ಲಿ ಉಳಿದಿರುವ ‘ಕಾವಲ್’ ಎಂಬ ಪದ ಹಳೆಯ ಹುಲ್ಲುಗಾವಲನ್ನು ನೆನಪಿಸುತ್ತದೆ. ಬೇರೆ ನಾಡಿನಲ್ಲಿ ಕುಳಿತು ಮಾದರಿ ಬರೆಯುವವನಿಗೆ ಇದು ಹೊಳೆಯುವುದು ಕಷ್ಟ. ಖಾತೆದಾರರ ಹೆಸರಿನ ನಡುವೆ ಬರುವ ‘ಬಿನ್’ ಎಂದರೆ ಮಗ, ‘ಕೋಂ’ ಎಂದರೆ ಹೆಂಡತಿ ಎಂಬುದನ್ನೂ ಅವನಿಗೆ ಯಾರಾದರೂ ಹೇಳಿಕೊಡಬೇಕು.

ಮನುಷ್ಯನ ಮರಣವೂ ಮಾದರಿಗೆ ಸೇರಬೇಕಾದ ಸಂಗತಿ. ತಾತ ತೀರಿಕೊಂಡು ದಶಕಗಳೇ ಕಳೆದರೂ ಪಹಣಿ ಅವರ ಹೆಸರಿನಲ್ಲೇ ಇರುವ ಮನೆಗಳು ಯಾವ ಊರಿನಲ್ಲಿ ಇಲ್ಲ? ಪೌತಿ ಖಾತೆ ಆಗದೆ ಮೊಮ್ಮಕ್ಕಳಿಗೆ ಸಾಲವಿಲ್ಲ, ಪರಿಹಾರವಿಲ್ಲ. ಹೆಣ್ಣುಮಕ್ಕಳ ಪಾಲಿನ ಪ್ರಶ್ನೆ ಬಂದಾಗಲಂತೂ ತೊಡಕು ಇನ್ನೂ ಹೆಚ್ಚು. ಕಂಪ್ಯೂಟರ್ ಇದನ್ನು ತಾನಾಗಿ ಬಿಡಿಸಲಾರದು. ಮನೆಯವರು ಒಟ್ಟಿಗೆ ಕುಳಿತು ಒಪ್ಪಬೇಕು, ಗ್ರಾಮದ ಅಧಿಕಾರಿ ವಂಶವೃಕ್ಷ ಪರಿಶೀಲಿಸಬೇಕು.

ಅಧಿಕಾರಿಗಳ ಕಷ್ಟವೂ ಬೇರೆಯದೇ. ಹಿಂದೆ ಗ್ರಾಮ ಲೆಕ್ಕಿಗರೆನಿಸಿದ್ದವರು ಇಂದು ಗ್ರಾಮ ಆಡಳಿತಾಧಿಕಾರಿಗಳು. 2024ರ ಸೆಪ್ಟೆಂಬರ್‌ನಲ್ಲಿ ಅವರು ರಾಜ್ಯವ್ಯಾಪಿ ಮುಷ್ಕರಕ್ಕೆ ಇಳಿದಾಗ ಮುಂದಿಟ್ಟ ದೂರುಗಳಲ್ಲಿ ಒಂದು, ಹತ್ತಾರು ಮೊಬೈಲ್ ಆ್ಯಪ್‌ಗಳ ಹೊರೆ. ಜಮೀನಿಗೊಂದು, ಆಧಾರ್ ಜೋಡಣೆಗೊಂದು, ಬಗರ್‌ಹುಕುಂಗೊಂದು, ಸರ್ಕಾರಿ ಜಾಗದ ಕಾವಲಿಗೊಂದು ಎಂದು ಆ್ಯಪ್‌ಗಳು ಹೆಚ್ಚುತ್ತ ಹೋದವು. ತಂತ್ರಾಂಶ ತಯಾರಿಸುವುದು ಅಗ್ಗವಾದಷ್ಟೂ ಇಂಥ ಆ್ಯಪ್‌ಗಳು ಹೆಚ್ಚುವ ಅಪಾಯವಿದೆ. ಅಚ್ಚು ಇರುವುದು ಒಂದನ್ನೇ ಸರಿಯಾಗಿ ಮಾಡಿ ಎಲ್ಲರೂ ಹಂಚಿಕೊಳ್ಳಲಿಕ್ಕೆ. ಒಂದೊಂದು ಆದೇಶಕ್ಕೆ ಒಂದೊಂದು ಗೊಂಬೆ ಎರಕ ಹೊಯ್ಯಲಿಕ್ಕಲ್ಲ. ರೈತರ ವಿವರವನ್ನು ಒಂದೇ ಗುರುತಿನ ಸಂಖ್ಯೆಯಡಿ ತರುವ ‘ಫ್ರೂಟ್ಸ್’ ವ್ಯವಸ್ಥೆಯನ್ನು ಕರ್ನಾಟಕ ರೂಪಿಸಿರುವುದು ಈ ದಿಕ್ಕಿನಲ್ಲಿ ಇಟ್ಟ ಹೆಜ್ಜೆ.

ಇತ್ತೀಚೆಗೆ ಕೃತಕ ಬುದ್ಧಿಮತ್ತೆಯ ಯಂತ್ರಗಳು ಸಾಮಾನ್ಯ ಮಾತಿನಲ್ಲಿ ಹೇಳಿದರೂ ಯಾವುದೇ ಭಾಷೆಯಲ್ಲಿ ಕ್ರಮವಿಧಿ ಬರೆದುಕೊಡುತ್ತಿವೆ. ಪಡಿಯಚ್ಚೂ ಬೇಡವೆನ್ನುವ ಕಾಲ ಬಂದಿದೆ. ಆದರೆ 2.20 ಎಂದರೆ ಎರಡೂವರೆ ಎಕರೆ ಎಂದು ಆ ಯಂತ್ರಕ್ಕೂ ಯಾರಾದರೂ ಹೇಳಲೇಬೇಕು. ಹೇಳಬಲ್ಲವರು ಗುಬ್ಬಿಯ ತೋಟದಲ್ಲಿ, ಕುಣಿಗಲ್ ಕೆರೆಯ ಕೆಳಗಿನ ಗದ್ದೆಯಲ್ಲಿ, ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಇದ್ದಾರೆ. ಕ್ರಮವಿಧಿ ಬರೆಯುವವರು ಮೊದಲು ಅವರ ಪಕ್ಕ ಕುಳಿತು ಕೇಳಿಸಿಕೊಂಡರೆ ಮಾದರಿ ನೆಟ್ಟಗಾಗುತ್ತದೆ.

ಶಾನುಭೋಗರ ಕಪ್ಪು ಬಟ್ಟೆಯ ಕಡತ ಇಂದು ವಸ್ತುಸಂಗ್ರಹಾಲಯ ಸೇರಿದೆ. ಅದರಲ್ಲಿ ಬಳಪದಿಂದ ಬರೆದ ಹೆಸರನ್ನು ಒಂದು ಒರೆಸಿಗೆ ಅಳಿಸಬಹುದಿತ್ತು. ಇಂದಿನ ತಂತ್ರಾಂಶದಲ್ಲಿ ಹಾಗೆ ಅಳಿಸಲು ಬಾರದು, ನಿಜ. ಆದರೆ ಅಲ್ಲಿ ಹೆಸರು ಬರಬೇಕಾದರೆ ಮೊದಲು ಅದಕ್ಕೊಂದು ಕಾಲಂ ಇರಬೇಕು. ಆ ಕಾಲಂ ಹಾಕುವವರು ಯಾರು, ಯಾರನ್ನು ಕೇಳಿ ಹಾಕುತ್ತಾರೆ ಎಂಬುದು ತಂತ್ರಜ್ಞರಿಗಷ್ಟೇ ಬಿಟ್ಟ ವಿಚಾರವಲ್ಲ.